ನಲವತ್ತೊಂದನೆಯ ಪ್ರಶ್ನೆ

ನಮ್ಮ ಬೀದಿಯ ಫೋನ್ ರಿಪೇರಿಯವನನ್ನು ನಾನು ಬಹಳ ವರ್ಷ ಪಕ್ಕಾ ಬ್ಲ್ಯಾಕ್‌ಮೇಲರ್ ಎಂದೇ ತಿಳಿದಿದ್ದೆ. ನನ್ನ ಬಳಿ ಸಾಕ್ಷಿಯೂ ಇತ್ತು. ಅವನ ಅಂಗಡಿಗೆ ಹೋಗುವ ಗಂಡಸರು ಒಳಗೆ ಹೋಗುವಾಗ ಬೆವರುತ್ತಿದ್ದರು, ಹೊರಗೆ ಬರುವಾಗ ತಿರುಗಿ ಕೈಮುಗಿಯುತ್ತಿದ್ದರು. ಒಡೆದ ಗಾಜು ಬದಲಾಯಿಸಿಕೊಂಡವರು ಎಲ್ಲಾದರೂ ಕೈಮುಗಿಯುತ್ತಾರೆಯೇ? ಊರಿನ ಅರ್ಧ ಗುಟ್ಟು ಇವನ ಡಬ್ಬಿಯಲ್ಲಿದೆ ಎಂದು ತೀರ್ಮಾನಿಸಿ, ನನ್ನ ಫೋನು ಕೆಟ್ಟಾಗ ಮೂರು ಮೈಲಿ ಆಚೆಯ ಅಂಗಡಿಗೆ ಹೋಗುತ್ತಿದ್ದೆ. ನನ್ನ ಫೋನಿನಲ್ಲಿದ್ದ ಅತಿ ದೊಡ್ಡ ಗುಟ್ಟೆಂದರೆ ಮನೆಯವಳಿಂದ ಮುಚ್ಚಿಟ್ಟ ಸಕ್ಕರೆ ಕಾಯಿಲೆಯ ರಿಪೋರ್ಟು. ಆ ಮೂರು ಮೈಲಿಯ ಮಹಾನುಭಾವ ಅದನ್ನು ಓದಿ, ಫೋನಿನ ಜೊತೆಗೆ ಪಥ್ಯವನ್ನೂ ಹೇಳಿ ಕಳಿಸಿದ. ಯಾರ ಫೋನಿನೊಳಗೂ ಇಣುಕದ ಒಬ್ಬನೇ ಒಬ್ಬ ರಿಪೇರಿಯವನು ನಮ್ಮ ಬೀದಿಯಲ್ಲೇ ಇದ್ದನೆಂದು ತಿಳಿಯುವ ಹೊತ್ತಿಗೆ ತಡವಾಗಿತ್ತು. ನನಗಲ್ಲ, ಅವನಿಗೆ.

ಅವನಿಗೂ ಅಪ್ಪ ಅಮ್ಮ ಇಟ್ಟ ಹೆಸರಿತ್ತು. ಬೀದಿ ಅದನ್ನು ಎಂದೋ ಕಳೆದುಹಾಕಿತ್ತು. ಎಲ್ಲರ ಬಾಯಲ್ಲೂ ಅವನು ಸ್ಕ್ರೂ. ಜೇಬಿಗೆ ಪೆನ್ನಿನ ಬದಲು ಸಣ್ಣ ಸ್ಕ್ರೂಡ್ರೈವರ್ ಸಿಕ್ಕಿಸಿಕೊಳ್ಳುತ್ತಿದ್ದುದು ಒಂದು ಕಾರಣ. ನಲವತ್ತೆಂಟಾದರೂ ಮದುವೆಯಾಗದವನಿಗೆ ಎಲ್ಲೋ ಒಂದು ಸ್ಕ್ರೂ ಸಡಿಲವಿರಲೇಬೇಕು ಎಂಬುದು ಇನ್ನೊಂದು. ಗಂಡ ತೀರಿಕೊಂಡ ಮೇಲೆ ತಮ್ಮನ ಮನೆಗೆ ಬಂದು ಯಜಮಾನಿಕೆ ವಹಿಸಿಕೊಂಡಿದ್ದ ಅಕ್ಕ ಹದಿನೈದು ವರ್ಷ ಹೆಣ್ಣು ನೋಡಿ ನೋಡಿ, ಕೊನೆಗೆ, "ಇವನಿಗೆ ಹುಡುಗಿ ಹುಡುಕೋದೂ ಒಂದೇ, ಗೋಡೆಗೆ ಸೀರೆ ಉಡ್ಸೋದೂ ಒಂದೇ" ಎಂದು ಕೈಬಿಟ್ಟಿದ್ದಳು.

ಎಂಟಡಿ ಉದ್ದ, ಆರಡಿ ಅಗಲದ ಅಂಗಡಿ. ಮುಂದೆ ಮೇಜು, ಮೇಜಿನ ಮೇಲೆ ಬೆಸುಗೆ ಕಡ್ಡಿ, ಭೂತಗನ್ನಡಿ, ಅಯಸ್ಕಾಂತಕ್ಕೆ ಕಚ್ಚಿಕೊಂಡ ಎಳ್ಳುಕಾಳಿನಷ್ಟು ಸ್ಕ್ರೂಗಳು. ಹಿಂದೆ ಒಂದು ಪರದೆ. ಅದರ ಹಿಂದೆ ಸತ್ತ ಫೋನುಗಳ ಮೂಟೆ, ಎರಡು ಸ್ಟೂಲು, ಒಂದು ಫ್ಯಾನು. ಫೋನನ್ನು ಅವನು ಯಾವಾಗಲೂ ಬೋರಲು ಹಾಕಿ ತೆಗೆದುಕೊಳ್ಳುತ್ತಿದ್ದ. ಬೀಗ ತೆಗೆಯುವುದಿದ್ದರೆ ಗಿರಾಕಿಯೇ ತೆಗೆಯಬೇಕು. ಫೋನಿನ ಸ್ಕ್ರೀನು ಉರಿಸಿಯೇ ಪರೀಕ್ಷಿಸಬೇಕಾಗಿ ಬಂದರೆ ಅದರ ಮೇಲೊಂದು ಕಾಗದದ ಪಟ್ಟಿ ಅಂಟಿಸಿ, ಮೂಲೆ ಮಾತ್ರ ನೋಡುತ್ತಿದ್ದ. ಈ ನಿಯಮದ ಬಗ್ಗೆ ಅವನಿಗೆ ಸ್ವಲ್ಪ ಜಂಬವೇ ಇತ್ತೆನ್ನಬೇಕು. "ಹಜಾಮನಿಗೆ ಕೂದ್ಲು ಕಂಡ್ರೆ ಸಾಕು, ತಲೆಯೊಳಗೇನಿದೆ ಅಂತ ಯಾಕೆ?" ಎನ್ನುತ್ತಿದ್ದ, ಯಾರೂ ಕೇಳದಿದ್ದರೂ.

ಈ ನಿಯಮದಿಂದಾಗಿಯೇ ಒಂದು ಬಗೆಯ ಗಂಡಸರು ಅವನನ್ನು ಹುಡುಕಿಕೊಂಡು ಬರುತ್ತಿದ್ದರು. ಗಂಡಸರನ್ನು ಇಷ್ಟಪಡುವ ಗಂಡಸರು. ಅವರಲ್ಲಿ ಬ್ಯಾಂಕಿನವರಿದ್ದರು, ಲಾರಿಯವರಿದ್ದರು, ಇಬ್ಬರು ಮಕ್ಕಳ ತಂದೆಯಂದಿರಿದ್ದರು. ಇವನೂ ತಮ್ಮವನೇ ಎಂದು ಅವರಿಗೆ ಗೊತ್ತಿತ್ತು. ಹೆಂಡತಿಯ ಕಣ್ಣಿಗೆ ಬೀಳದಂತೆ ಮಾತುಕತೆ ಅಡಗಿಸುವುದು ಹೇಗೆ, ಪರೀಕ್ಷೆ ಮಾಡಿಸುವುದು ಎಲ್ಲಿ, ಯಾವ ಕ್ಲಿನಿಕ್ಕಿನ ನರ್ಸು ಮುಖ ಸಿಂಡರಿಸುವುದಿಲ್ಲ, ಎಲ್ಲವನ್ನೂ ಸ್ಕ್ರೂ ಬೆಸುಗೆ ಹಾಕುತ್ತಲೇ, ತಲೆ ಎತ್ತದೆ ಹೇಳುತ್ತಿದ್ದ. ಅವರು ಕೈಮುಗಿಯುತ್ತಿದ್ದುದು ಅದಕ್ಕೆ.

ಅವನಿಗೊಬ್ಬ ಜೊತೆಗಾರನಿದ್ದ. ಎರಡು ಬೀದಿ ಆಚೆ ಬೇಕರಿ ಇಟ್ಟವನು; ಹೆಂಡತಿ, ಒಬ್ಬ ಮಗಳು. ಗುರುವಾರ ಮಧ್ಯಾಹ್ನ ಬೇಕರಿಗೆ ರಜೆ. ಹನ್ನೊಂದು ವರ್ಷ, ಪ್ರತಿ ಗುರುವಾರ ಎರಡು ಗಂಟೆಗೆ, ಬೇಕರಿಯವನ ಫೋನು ತಪ್ಪದೆ ಕೆಡುತ್ತಿತ್ತು. ಅವನು ಅರ್ಧ ಇಳಿಸಿದ ಷಟರಿನಡಿ ಬಗ್ಗಿ ಒಳಬರುತ್ತಿದ್ದ, ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂರುತ್ತಿದ್ದ, ನಾಲ್ಕೂವರೆಗೆ ಫೋನು ಸರಿಹೋಗುತ್ತಿತ್ತು. ಆ ಪರದೆಯ ಹಿಂದೆಯೂ ಒಂದು ನಿಯಮ: ಹೆಂಡತಿಯ ಮಾತು ಎತ್ತಬಾರದು. ಯಾರು ಮಾಡಿದ್ದೋ ಗೊತ್ತಿಲ್ಲ. ಆದರೆ ಹನ್ನೊಂದು ವರ್ಷದಲ್ಲಿ ಇಬ್ಬರೂ ಅದನ್ನು ಒಮ್ಮೆಯೂ ಮುರಿಯಲಿಲ್ಲ. ಮರ್ಯಾದಸ್ಥರು.

ಎರಡು ವರ್ಷದ ಹಿಂದೆ ಸ್ಕ್ರೂ ತನ್ನ ಮಾಮೂಲಿ ಪರೀಕ್ಷೆಗೆ ಹೋದಾಗ ರಕ್ತದಲ್ಲಿ ಎಚ್‌ಐವಿ ಇದೆ ಎಂದು ಬಂತು. ಯಾರಿಂದ ಯಾರಿಗೆ ಎಂದು ಅವನು ಕೇಳಲಿಲ್ಲ, ಬೇಕರಿಯವನೂ ಹೇಳಲಿಲ್ಲ. ದಿನಕ್ಕೊಂದು ಮಾತ್ರೆ ಶುರುವಾಯಿತು. ಆರೇ ತಿಂಗಳಲ್ಲಿ ವೈರಸ್ಸು ಪರೀಕ್ಷೆಗೆ ಸಿಗದಷ್ಟು ಇಳಿಯಿತು, ಹೊಟ್ಟೆ ಬೆಲ್ಟಿಗೆ ಸಿಗದಷ್ಟು ಬೆಳೆಯಿತು. ಅಕ್ಕ ಅದನ್ನು ಬಿಪಿ ಮಾತ್ರೆ ಎಂದುಕೊಂಡು, ಅಥವಾ ಎಂದುಕೊಂಡಂತೆ ನಟಿಸಿ, ಊಟವಾದ ಮೇಲೆ ನೀರಿನ ಲೋಟದ ಜೊತೆ ತಂದಿಡುತ್ತಿದ್ದಳು.

"ನೋಡು, ಈ ಹೊಟ್ಟೆ ನೋಡು" ಎಂದು ಸ್ಕ್ರೂ ಬೇಕರಿಯವನಿಗೆ ತೋರಿಸುತ್ತಿದ್ದ. "ಮಾತ್ರೆ ಹೊಟ್ಟೆ ಇದು. ನೀನೂ ಒಂದ್ಸಲ ಟೆಸ್ಟ್ ಮಾಡಿಸ್ಕೋ. ಇದ್ರೆ ಮಾತ್ರೆ, ಇಲ್ದಿದ್ರೆ ನೆಮ್ಮದಿ."

"ಎಲ್ಲಿ ಮಾಡಿಸ್ಲಿ? ಕ್ಲಿನಿಕ್ಕಲ್ಲಿ ಚೀಟಿ ಬರೆಯೋಳು ದಿನಾ ನನ್ನಂಗಡೀಲಿ ಬ್ರೆಡ್ ತಗೊಳ್ತಾಳೆ. ಹೆಸರು ಕೂಗಿ ಕರೀತಾರೆ, ಮಾರಾಯ. ಹೆಸರಿನ ಜೊತೆ ಬೇಕರಿ ಅಂತಾನೂ ಸೇರಿಸ್ತಾಳೆ ಅವ್ಳು."

"ಬೇರೆ ಊರಿಗೆ ಹೋಗು."

"ಬೇರೆ ಊರಲ್ಲೂ ಮನುಷ್ಯರೇ ಇರ್ತಾರೆ. ಮನುಷ್ಯರ ಮುಖ ನೋಡ್ಕೊಂಡು ನಾನು ಇದನ್ನ ಹೇಳಲಾರೆ. ಫೋನಲ್ಲೇ ಆಗೋ ಹಾಗಿದ್ರೆ ಹೇಳು, ಮಾಡ್ತೀನಿ."

ಅಷ್ಟರಲ್ಲಿ ಬೇಕರಿಯವನ ಅಂಗಿ ಹೆಗಲಿನಿಂದ ಜಾರತೊಡಗಿತ್ತು. ಒಣಕೆಮ್ಮು. ಮೈದಾ ಹಿಟ್ಟಿನ ಧೂಳು ಎನ್ನುತ್ತಿದ್ದ.

ಹೀಗಿರುವಾಗ ಫೋನಲ್ಲೇ ಆಗುವ ದಾರಿಯೊಂದು ಕಾಣಿಸಿತು. ಆರೋಗ್ಯ ಸಂಸ್ಥೆಯೊಂದು ಇಂಥ ಗಂಡಸರಿಗಾಗಿಯೇ ಆಪ್ ಮಾಡಲು ಹೊರಟಿತ್ತು. ಅದರಲ್ಲಿ ಕೇಳಿದವರಿಗೆ ಮನೆಯಲ್ಲೇ ಪರೀಕ್ಷೆ ಮಾಡಿಕೊಳ್ಳುವ ಕಿಟ್ಟು ಸಿಗುತ್ತದೆ, ಯಾರ ಮುಖವನ್ನೂ ನೋಡಬೇಕಿಲ್ಲ. ಅಂಥ ಕಿಟ್ಟು ಅಂಗಡಿಗಳಲ್ಲಿ ಇನ್ನೂ ಮಾರಾಟಕ್ಕೆ ಬಂದಿರಲಿಲ್ಲ. ಸಂಸ್ಥೆಯವರಿಗೆ ಸಮುದಾಯದ ಒಬ್ಬ ಸಲಹೆಗಾರ ಬೇಕಾಗಿತ್ತು. ಸ್ಕ್ರೂ ಹೋಗಿ ಕೂತ. ಅವನಿಗೆ ಸಮುದಾಯವೂ ಬೇಕಿರಲಿಲ್ಲ, ಸಲಹೆಯೂ ಬೇಕಿರಲಿಲ್ಲ. ಒಬ್ಬ ಮನುಷ್ಯನ ಕೈಗೆ ಒಂದು ಕಿಟ್ಟು ಸಿಗಬೇಕಿತ್ತು.

ಮೊದಲ ಸಭೆಯ ದಿನ ಕಚೇರಿಯ ಗೇಟಿನಿಂದ ಸಭೆಯ ಕೋಣೆಯವರೆಗೆ, 'ಸಲಿಂಗಿ ಹಾಗೂ ದ್ವಿಲಿಂಗಿ ಪುರುಷರ ಗೋಪ್ಯ ಸಮಾಲೋಚನೆ' ಎಂದು ಬರೆದು, ಬಾಣದ ಗುರುತು ಹಾಕಿ, ಏಳು ಬಣ್ಣದ ಫಲಕ ಅಂಟಿಸಿದ್ದರು. ಸ್ಕ್ರೂ ಹಿಂದಿನ ಶೌಚಾಲಯದ ಬಾಗಿಲಿನಿಂದ ಒಳಬಂದ. ಕರೆದಿದ್ದ ಎಂಟು ಮಂದಿಯಲ್ಲಿ ಬಂದವನು ಅವನೊಬ್ಬನೇ. ಸಮುದಾಯಕ್ಕೆ ಆಸಕ್ತಿ ಕಡಿಮೆ ಎಂದು ಸಭೆಯ ನಡಾವಳಿಯಲ್ಲಿ ಬರೆದುಕೊಂಡರು.

ಸಮಿತಿಯಲ್ಲಿ ಮುಖ್ಯವಾಗಿ ಮೂವರು. ನಿಜಕ್ಕೂ ಒಳ್ಳೆಯ ಮನಸ್ಸಿನ ಒಬ್ಬ ಡಾಕ್ಟರಮ್ಮ. ಕೂದಲನ್ನು ಜುಟ್ಟು ಕಟ್ಟಿದ, 'ಅನುಭವ' ಎಂಬ ಪದವನ್ನು ಉಸಿರಿಗೊಮ್ಮೆ ಬಳಸುವ ಡಿಸೈನರ್. ಮತ್ತೆ ಅಂಕಿಸಾಹೇಬರು, ಅಂಕಿ ಅಂಶದ ವಿದ್ವಾಂಸರಾದ ಅವರು, ಮನುಷ್ಯ ಕೆಮ್ಮಿದರೆ ಎಷ್ಟನೆಯ ಸಲ ಎಂದು ಕೇಳುವವರು.

ಆಪ್‌ಗೆ ಹೆಸರಿಡಲು ಆರು ವಾರ ಹಿಡಿಯಿತು. ಸ್ಕ್ರೂ ಹೇಳಿದ: "ಬ್ಯಾಟರಿ ಸೇವರ್ ಅಂತಿಡಿ. ಬೇರೆಯವರ ಫೋನಲ್ಲಿ ಅದನ್ನ ಯಾರೂ ತೆಗೆದು ನೋಡಲ್ಲ. ಫೋನು ಅಂದ್ರೆ ಒಬ್ಬರದು ಅಂದ್ಕೊಂಡಿದ್ದೀರಾ? ನಮ್ ಕಡೆ ಫೋನು ಅಂದ್ರೆ ನೀರಿನ ಬಿಂದಿಗೆ. ಮನೆಯವರೆಲ್ಲಾ ಕೈ ಹಾಕ್ತಾರೆ."

ಡಿಸೈನರ್ ನಕ್ಕ. "ಅಂಕಲ್, ನಾವು ನಾಚಿಕೆಯನ್ನ ತೆಗೀಬೇಕು ಅಂತಿದ್ದೀವಿ, ನೀವು ಮುಚ್ಚಿಡಿ ಅಂತೀರಿ."

"ನಾಚಿಕೆ ಆಮೇಲೆ ತೆಗೀರಿ. ಮೊದಲು ರಕ್ತ ತೆಗೀರಿ."

ಹೆಸರು 'ಆಪ್ತ' ಎಂದಾಯಿತು. ಆದರೂ ಸ್ಕ್ರೂ ಸಣ್ಣಪುಟ್ಟದ್ದನ್ನು ಗೆದ್ದ. ಏಳು ಬಣ್ಣದ ಹೃದಯ ಹೋಗಿ ಬೂದು ಚೌಕ ಬಂತು. ತೆರೆದಾಗ ಮೊಳಗಬೇಕಿದ್ದ ವಾದ್ಯ ನಿಂತಿತು. ಕಿಟ್ಟನ್ನು ಮನೆಗೆ ಕಳಿಸದೆ, ಕೇಳಿದ ಫೋನ್ ಅಂಗಡಿಗೆ ಬ್ಯಾಟರಿ ಡಬ್ಬಿಯಲ್ಲಿ ಕಳಿಸುವುದೆಂದಾಯಿತು. ಇನ್ನೊಂದನ್ನು ಅವನು ಮೇಜು ಕುಟ್ಟಿ ಗೆದ್ದ: ಎರಡು ನಿಮಿಷ ಯಾರೂ ಮುಟ್ಟದಿದ್ದರೆ ಆಪ್ ತಾನಾಗಿ ಮುಚ್ಚಿಕೊಂಡು, ತುಂಬಿದ್ದನ್ನೆಲ್ಲ ಫೋನಿನಿಂದ ಅಳಿಸಿಬಿಡಬೇಕು. ಹೆಂಡತಿ ಬಂದಳೆಂದು ಫೋನು ಬೋರಲು ಹಾಕಿ ಎದ್ದ ಮನುಷ್ಯನಿಗೆ ಅದೇ ರಕ್ಷೆ. ಡಾಕ್ಟರಮ್ಮ ಚಪ್ಪಾಳೆ ತಟ್ಟಿದರು. ಆ ದಿನ ಮನೆಗೆ ಹೋಗಿ ಅವನು ಅಕ್ಕನಿಗೆ ತಾನು ಈಗ ಎಂಜಿನಿಯರ್‌ಗಳಿಗೆ ಪಾಠ ಹೇಳುವವನೆಂದು ಕೊಚ್ಚಿಕೊಂಡ. ಅಕ್ಕ, "ಮಿಕ್ಸಿ ಕೆಟ್ಟು ಹದಿನೈದು ದಿನ ಆಯ್ತು, ಎಂಜಿನಿಯರೇ" ಎಂದಳು.

ಸೋತದ್ದು ಪ್ರಶ್ನೆಗಳ ಮುಂದೆ. ಕಿಟ್ಟು ಬೇಕೆಂದವನು ಮೊದಲು ಅರವತ್ತನಾಲ್ಕು ಪ್ರಶ್ನೆಗೆ ಉತ್ತರಿಸಬೇಕೆಂದು ಅಂಕಿಸಾಹೇಬರು ಹಟ ಹಿಡಿದರು.

"ಮೂಗಿಗಿಂತ ಮೂಗುತಿ ಭಾರ ಆಯ್ತು ಸಾರ್" ಎಂದ ಸ್ಕ್ರೂ. "ಕಿಟ್ ಮೊದಲು ಕೊಡಿ. ಪ್ರಶ್ನೆ ಆಮೇಲೆ ಕೇಳ್ಕೊಳ್ಳಿ."

"ಕಿಟ್ ಸಿಕ್ಕಿದ ಮೇಲೆ ಯಾರು ಉತ್ತರ ಕೊಡ್ತಾರೆ?"

"ಯಾರೂ ಕೊಡಲ್ಲ."

"ಹಾಗಾದ್ರೆ ನಮ್ಮ ಆಪ್ ಪರಿಣಾಮಕಾರಿ ಅಂತ ತೋರಿಸೋದು ಹೇಗೆ?"

"ಜನ ಬದುಕಿರ್ತಾರಲ್ಲ ಸಾರ್, ಅವರನ್ನೇ ತೋರಿಸಿ."

ಸಾಹೇಬರಿಗೆ ಇದು ತಮಾಷೆಯಾಗಿ ಕಂಡಿತು. ಪ್ರಶ್ನೆಗಳ ಅಂತಿಮ ಪಟ್ಟಿಯ ಸಭೆಗೆ ಸ್ಕ್ರೂಗೆ ಕರೆ ಬರಲಿಲ್ಲ. ಇನ್ನೊಂದು ವಿಧಿಯನ್ನೂ ಹೇಳಿದರು: ಸಲಹೆಗಾರರು ಆಪ್ ಬಳಸುವಂತಿಲ್ಲ, ತೆರೆದು ನೋಡುವಂತೆಯೂ ಇಲ್ಲ, ನೋಡಿದರೆ ಅಂಕಿಗಳು ಮಲಿನವಾಗುತ್ತವೆ. ಇತರರ ಗುಟ್ಟಿಗೆ ಕೈ ಹಾಕದ ನಿಯಮವೆಂದರೆ ಸ್ಕ್ರೂಗೆ ಮೊದಲೇ ಭಕ್ತಿ. ಒಪ್ಪಿಕೊಂಡ. ಹೊರಡುವ ಮುಂಚೆ ಡಾಕ್ಟರಮ್ಮನನ್ನು ಬದಿಗೆ ಕರೆದು, "ಮೇಡಂ, ನಂಗೊಂದು ಕಿಟ್ ಕೈಯಲ್ಲೇ ಕೊಡಿ. ನಮ್ಮವರೊಬ್ಬರಿಗೆ ಅರ್ಜೆಂಟು" ಎಂದ.

"ಅಯ್ಯೋ, ಒಂದೊಂದಕ್ಕೂ ನಂಬರಿದೆ, ಅಧ್ಯಯನಕ್ಕೆ ಎಣಿಸಿ ಕೊಟ್ಟಿರೋದು. ಅವರಿಗೆ ಆಪ್ ಹಾಕ್ಕೊಳ್ಳೋಕೆ ಹೇಳಿ, ಹತ್ತು ನಿಮಿಷದ ಕೆಲಸ" ಎಂದು ಡಾಕ್ಟರಮ್ಮ ಅವನ ಕೈ ಹಿಡಿದು, ನಿಜವಾದ ಮರುಕದಿಂದ ಹೇಳಿದರು.

ಆಪ್ ಬಂತು. ಅದೇ ಗುರುವಾರ ಬೇಕರಿಯವನು ಅದನ್ನು ಹಾಕಿಕೊಂಡ. ಮುಂದಿನ ಗುರುವಾರ ಸ್ಕ್ರೂ ಕೇಳಿದ: "ಮುಗಿಸಿದ್ಯಾ?"

"ಮಾಡ್ತಿದ್ದೀನಿ. ತುಂಬಾ ಕೇಳುತ್ತೆ."

"ಕೇಳ್ಲಿ ಬಿಡು, ಬಾಯಿ ಇದೆ ಕೇಳುತ್ತೆ. ನಿಂಗೆ ಬೆರಳಿದೆ, ಒತ್ತು."

ಅದರ ಮುಂದಿನ ಗುರುವಾರವೂ ಅದೇ ಉತ್ತರ. ಅದರ ಮುಂದಿನದ್ದೂ. ಫೋನು ಮೇಜಿನ ಮೇಲೆ, ಸ್ಕ್ರೂನ ಮೊಣಕೈಯ ಪಕ್ಕದಲ್ಲೇ, ಎಂದಿನಂತೆ ಬೋರಲಾಗಿ ಬಿದ್ದಿರುತ್ತಿತ್ತು. ಕೈ ಚಾಚಿ ತಿರುಗಿಸಿ ನೋಡಿದ್ದರೆ ಮುಗಿಯುತ್ತಿತ್ತು. ಅವನು ನೋಡಲಿಲ್ಲ. ಹನ್ನೊಂದು ವರ್ಷ ನೋಡದವನು ಈಗ ನೋಡಿದರೆ ಏನು ಮರ್ಯಾದೆ? ಎಲ್ಲಿ ಸಿಕ್ಕಿಕೊಂಡಿದೆ ಎಂದು ಬೇಕರಿಯವನೂ ಬಾಯಿಬಿಡಲಿಲ್ಲ. ಬಿಡಬೇಕಾದರೆ ಪರದೆಯ ಹಿಂದೆ ಆಡಬಾರದ ಮಾತನ್ನೇ ಆಡಬೇಕಿತ್ತು.

ಏಳನೆಯ ಗುರುವಾರ ಬೇಕರಿಯವನು ಷಟರಿನಡಿ ಬಗ್ಗಿದವನು ಕೆಮ್ಮುತ್ತಾ ಅಲ್ಲೇ ಕೂತುಬಿಟ್ಟ. ಸ್ಕ್ರೂಗೆ ಹೆದರಿಕೆಯಾಯಿತು. ಹೆದರಿದ ಗಂಡಸು ಸಾಮಾನ್ಯವಾಗಿ ಮಾಡುವುದನ್ನೇ ಅವನೂ ಮಾಡಿದ, ರೇಗಿದ.

"ಅರವತ್ನಾಲ್ಕು ಗುಂಡಿ ಒತ್ತೋಕೆ ನಿಂಗೆ ಎರಡು ತಿಂಗಳು ಬೇಕಾ? ಮಗಳಿಗೆ ಕೊಡು, ಐದು ನಿಮಿಷದಲ್ಲಿ ಒತ್ತಿ ಕೊಡ್ತಾಳೆ."

"ಅದು ಹಂಗಲ್ಲ."

"ಮತ್ತೆ ಹೆಂಗೆ? ನಿನ್ನ ಕೈಲಿ ಬ್ರೆಡ್ ಕೊಯ್ಯೋದು ಬಿಟ್ರೆ ಬೇರೇನೂ ಆಗಲ್ಲ. ಹೇಡಿ ನೀನು. ನನಗೋಸ್ಕರ ಒಂದು ಹನಿ ರಕ್ತ ಕೊಡಲಾರೆ."

"ನಾನು ಪ್ರಯತ್ನ ಪಡ್ತಿದ್ದೀನಿ ಕಣೋ."

"ಮುಗಿಸಿದ ಮೇಲೆ ಬಾ. ಅಲ್ಲೀವರೆಗೂ ಈ ಷಟರ್ ಕೆಳಗೆ ಬಗ್ಗಬೇಡ."

ಬೇಕರಿಯವನು ಫೋನು ತೆಗೆದುಕೊಂಡು, ಗೋಡೆ ಹಿಡಿದು ಎದ್ದು ಹೋದ. ಒಂದು ಗುರುವಾರ ಬರಲಿಲ್ಲ. ಎರಡನೆಯದೂ ಬರಲಿಲ್ಲ. ಈ ಸಲ ಪೆಟ್ಟು ತಗುಲಿದೆ, ಮುಗಿಸಿಕೊಂಡೇ ಬರುತ್ತಾನೆ ಎಂದು ಸ್ಕ್ರೂ ಮನಸ್ಸಿನಲ್ಲೇ ತನ್ನ ಜಾಣತನಕ್ಕೆ ತಲೆದೂಗಿದ. ಕೊರಿಯರ್ ಬಂದಾಗಲೆಲ್ಲ ಬ್ಯಾಟರಿ ಡಬ್ಬಿಗಳಲ್ಲಿ ಕಿಟ್ಟಿನದ್ದು ಇದೆಯೇ ಎಂದು ಹುಡುಕಿದ. ಮೂರನೆಯ ಗುರುವಾರ ಬೇಕರಿಯ ಬಾಗಿಲು ಬೆಳಿಗ್ಗೆಯೇ ಮುಚ್ಚಿತ್ತು. ಪಕ್ಕದ ಹೂವಿನವಳು ಹೇಳಿದಳು: "ಆಸ್ಪತ್ರೆಗೆ ಸೇರಿಸಿದ್ದಾರಂತೆ. ಶ್ವಾಸಕೋಶವಂತೆ."

ಹಳೆಯ ಚಾರ್ಜರೊಂದನ್ನು ಜೇಬಿಗೆ ಹಾಕಿಕೊಂಡು ಅವನು ಹೋದ. ಆಸ್ಪತ್ರೆಯವರು ಒಂದು ಪ್ರಶ್ನೆಯನ್ನೂ ಕೇಳದೆ ಮೊದಲ ದಿನವೇ ರಕ್ತ ತೆಗೆದು, ಆ ಪರೀಕ್ಷೆಯನ್ನೂ ಮಾಡಿ ಮುಗಿಸಿದ್ದರು. ಔಷಧಿಯೂ ಶುರುವಾಗಿತ್ತು. ಒಂದು ವರ್ಷ ತಡವಾಗಿದೆ ಎಂದು ಅಲ್ಲಿನ ಡಾಕ್ಟರು ಹೆಂಡತಿಗೆ ಹೇಳಿದ್ದರು. ಅವಳ ರಕ್ತವನ್ನೂ ಪರೀಕ್ಷಿಸಿದ್ದರು, ಅವಳಿಗೇನೂ ಇರಲಿಲ್ಲ. ಆ ಮನೆಗೆ ಆ ವರ್ಷ ಸಿಕ್ಕ ಒಳ್ಳೆಯ ಸುದ್ದಿ ಅದೊಂದೇ.

"ಯಾರು ನೀವು?" ಎಂದು ಹೆಂಡತಿ ಹಾಸಿಗೆಯ ಪಕ್ಕದಿಂದ ಕೇಳಿದಳು.

"ಫೋನ್ ರಿಪೇರಿ. ಚಾರ್ಜರ್ ಬಿಟ್ಟು ಬಂದಿದ್ರು."

ಬೇಕರಿಯವನ ಮುಖದ ಮೇಲೆ ಮುಖವಾಡದಂತೆ ಆಮ್ಲಜನಕದ ಬಟ್ಟಲು. ಕಣ್ಣು ತೆರೆದಿತ್ತು. ಕೈ ಎತ್ತಿ ಏನೋ ಹೇಳಲು ಹೋದ. ಹೆಂಡತಿ ನೀರೆಂದು ತಿಳಿದು ತುಟಿ ಒರೆಸಿದಳು. ಒಂದು ಚಾರ್ಜರ್ ಕೊಡಲು ಫೋನ್ ರಿಪೇರಿಯವನೊಬ್ಬ ಎಷ್ಟು ಹೊತ್ತು ನಿಲ್ಲಬಹುದೋ ಅಷ್ಟು ಹೊತ್ತು ಸ್ಕ್ರೂ ನಿಂತ. ಆಮೇಲೆ ಅವಳು, "ದುಡ್ಡೇನಾದ್ರೂ ಕೊಡಬೇಕಾ?" ಎಂದಳು. ಅವನು ಇಲ್ಲವೆಂದು ಹೊರಬಂದ. ಹತ್ತನೆಯ ದಿನ ಬೇಕರಿಯವನು ತೀರಿಕೊಂಡ.

ಮಣ್ಣು ಮಾಡಿ ಬಂದವರಲ್ಲಿ ಸ್ಕ್ರೂ ಎಲ್ಲರಿಗಿಂತ ಹಿಂದೆ ಇದ್ದ. ಮನೆಯ ಬಾಗಿಲಲ್ಲಿ ಕೂತವನನ್ನು ಅಕ್ಕ ಒಂದು ಗಳಿಗೆ ನೋಡಿದಳು. "ಅಳೋದಾದ್ರೆ ಒಳಗೆ ಹೋಗಿ ಅಳು. ಬೀದಿ ನೋಡ್ತಿದೆ" ಎಂದಳು. ಆಮೇಲೆ ನೀರು, ಮಾತ್ರೆ ತಂದಿಟ್ಟು, "ಇದನ್ನ ಮಾತ್ರ ತಪ್ಪಿಸ್ಬೇಡ. ನಂಗೆ ಬಿಪಿ ಯಾವ್ದು, ಇದ್ಯಾವ್ದು ಗೊತ್ತಿದೆ" ಎಂದಳು. ಹದಿನೈದು ವರ್ಷ ಹೆಣ್ಣು ಹುಡುಕಿದ್ದು ಯಾಕೆ ಎಂದು ಅವನು ಕೇಳಲಿಲ್ಲ. ಅವಳಿಗೂ ಅವಳದೇ ನಿಯಮಗಳಿದ್ದವು.

ಹದಿನೈದು ದಿನ ಕಳೆದ ಮೇಲೆ ಬೇಕರಿಯವನ ಹೆಂಡತಿ ಗಂಡನ ಫೋನನ್ನು ಕೈಚೀಲದಲ್ಲಿ ಹಾಕಿಕೊಂಡು ಅಂಗಡಿಗೆ ಬಂದಳು. ಷಟರ್ ಪೂರ್ತಿ ಎತ್ತಿತ್ತು, ಹಾಡಹಗಲು.

"ಅಣ್ಣಾ, ಇದರ ಬೀಗ ತೆಗೀಬೇಕಿತ್ತು. ಗೋಡೆಗೆ ಹಾಕೋಕೆ ಒಳ್ಳೆ ಫೋಟೋ ಒಂದಿಲ್ಲ. ಮನೇಲಿರೋದ್ರಲ್ಲೆಲ್ಲಾ ಪೊಲೀಸರ ಮುಂದೆ ನಿಂತಂಗೆ ನಿಂತಿದ್ದಾರೆ."

"ತೆಗೆದುಕೊಡ್ತೀನಮ್ಮ. ಎರಡು ಗಂಟೆ ಬಿಟ್ಟು ಬನ್ನಿ."

ಅವಳು ಹೋಗಲಿಲ್ಲ. ಧ್ವನಿ ತಗ್ಗಿಸಿದಳು. "ಇನ್ನೊಂದಿದೆ. ನಿಮ್ಮನ್ನ ನಂಬಬಹುದು ಅಂತ ಬೀದಿಯವರು ಹೇಳಿದ್ರು. ಆ ಕಾಯಿಲೆ ಸುಮ್ಮನೆ ಬರಲ್ಲ ಅಂತ ಡಾಕ್ಟರ್ ಹೇಳಿದ್ದಾರೆ. ಯಾವಳೋ ಇದ್ದಾಳೆ. ಯಾವಳು ಅಂತ ಇದರಲ್ಲಿ ನೋಡಿ ಹೇಳಿ."

"ನಾನು ಫೋನೊಳಗೆ ನೋಡಲ್ಲಮ್ಮ."

"ನನಗೋಸ್ಕರ ಒಂದ್ಸಲ ನೋಡಿ. ನಿಮ್ಮ ತಂಗಿ ಅಂದ್ಕೊಳ್ಳಿ."

ಅವಳು ಹೋದ ಮೇಲೆ ಸ್ಕ್ರೂ ಪರದೆಯ ಹಿಂದೆ ಸ್ಟೂಲಿನ ಮೇಲೆ ಕೂತು ಫೋನನ್ನು ಮೊದಲ ಸಲ ಮುಖ ಮೇಲಾಗಿ ಇಟ್ಟುಕೊಂಡ. ಬೀಗದ ಗೆರೆ ಅವನಿಗೆ ಗೊತ್ತಿತ್ತು. ಹನ್ನೊಂದು ವರ್ಷ ಎದುರಿಗೇ ಎಳೆದದ್ದು. ಬೂದು ಚೌಕ ಅಲ್ಲೇ ಇತ್ತು. ತೆರೆದ. ಒಂದನೆಯ ಪ್ರಶ್ನೆಯ ಮೇಲೆ ಕೆಂಪು ಅಕ್ಷರ: 'ಸುಳ್ಳು ಮಾಹಿತಿ ನೀಡಿದಲ್ಲಿ ಕಿಟ್ ರದ್ದಾಗುತ್ತದೆ.' ಇಂಥ ಎಚ್ಚರಿಕೆಯನ್ನು ಜಗತ್ತಿನಲ್ಲಿ ಓದಿ ನಂಬುವ ಮನುಷ್ಯರು ಎಷ್ಟು ಮಂದಿ ಇರಬಹುದು? ಸ್ಕ್ರೂಗೆ ಒಬ್ಬನು ಗೊತ್ತಿದ್ದ. ಕಾಲು ಕಿಲೋ ಬಿಸ್ಕತ್ತಿಗೆ ತಕ್ಕಡಿ ಮೂರು ಸಲ ನೋಡುತ್ತಿದ್ದವನು.

ಸತ್ತವನ ಪರವಾಗಿ ಸ್ಕ್ರೂ ಉತ್ತರಿಸುತ್ತ ಹೋದ. ವಯಸ್ಸು, ಐವತ್ತೊಂದು. ಕಿಟ್ಟು ಪಡೆಯುವ ಅಂಗಡಿ, ಇದೇ. ಮದುವೆಯಾಗಿದೆಯೇ, ಹೌದು. ಕಳೆದ ಆರು ತಿಂಗಳಲ್ಲಿ ಎಷ್ಟು ಪುರುಷ ಸಂಗಾತಿಗಳು? ಒಂದು ಎಂದು ಒತ್ತಿ, ಸ್ವಲ್ಪ ಹೊತ್ತು ನೋಡುತ್ತ ಕೂತ. ನಿದ್ದೆ, ಮದ್ಯ, ಚಿಂತೆ, ಹಸಿವು. ನಲವತ್ತು ಮುಗಿಯಿತು.

ನಲವತ್ತೊಂದು: 'ನಿಮ್ಮ ಪತ್ನಿಯ ಮೊಬೈಲ್ ಸಂಖ್ಯೆ. ಖಚಿತಪಡಿಸಲು ಆ ಸಂಖ್ಯೆಗೆ ಒಟಿಪಿ ಕಳಿಸಲಾಗುವುದು.' ಪಕ್ಕದಲ್ಲಿ ಕೆಂಪು ನಕ್ಷತ್ರ. ನಕ್ಷತ್ರವಿದ್ದ ಕಡೆ ಖಾಲಿ ಬಿಡುವಂತಿಲ್ಲ. ಹೆಂಡತಿಯರ ಆರೋಗ್ಯವೂ ಮುಖ್ಯವಲ್ಲವೇ ಎಂದು ಡಾಕ್ಟರಮ್ಮ ಒಳ್ಳೆಯ ಮನಸ್ಸಿನಿಂದ ಸೇರಿಸಿದ್ದು. ಖಾಲಿ ಬಿಟ್ಟರೆ ಅಂಕಿ ಹಾಳೆಂದು ಸಾಹೇಬರು ನಕ್ಷತ್ರ ಇಟ್ಟದ್ದು. ಬೆಕ್ಕಿಗೆ ಆಟ, ಇಲಿಗೆ ಪ್ರಾಣಸಂಕಟ ಎಂದರೆ ಬೆಕ್ಕಿಗೆ ಅನ್ಯಾಯವಾದೀತು. ಇಲಿಯ ಒಳಿತಿಗಾಗಿ ಬೆಕ್ಕು ಸಭೆ ಸೇರುವುದಿಲ್ಲ.

ಸ್ಕ್ರೂ ಆ ಖಾಲಿ ಚೌಕವನ್ನು ನೋಡುತ್ತ ಕೂತ. ಎರಡು ನಿಮಿಷ ಕಳೆಯಿತು. ಆಪ್ ತಾನಾಗಿ ಮುಚ್ಚಿಕೊಂಡಿತು. ಮತ್ತೆ ತೆರೆದಾಗ ಒಂದನೆಯ ಪ್ರಶ್ನೆ ಬಂತು. ಅವನು ಮೇಜು ಕುಟ್ಟಿ ಗೆದ್ದದ್ದು ಇದನ್ನೇ.

ಹೆಂಡತಿ ಹೇಳಿದ ಹೊತ್ತಿಗೆ ಸರಿಯಾಗಿ ಬಂದಳು.

"ನೋಡಿದ್ರಾ? ಯಾವಳು?"

"ಎಲ್ಲಾ ನೋಡಿದೆ ತಾಯಿ. ಯಾವ ಹೆಂಗಸೂ ಇಲ್ಲ."

"ಆಣೆ ಮಾಡಿ."

"ನಮ್ಮಕ್ಕನ ಆಣೆ. ಅವರ ಜೀವನದಲ್ಲಿ ನಿಮ್ಮನ್ನ ಬಿಟ್ಟು ಬೇರೆ ಹೆಂಗಸಿರಲಿಲ್ಲ."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಅವನು ಫೋಟೋ ತೋರಿಸಿದ. ಫೋನಿನಲ್ಲಿ ಚೆನ್ನಾಗಿದ್ದುದು ಅದೊಂದೇ. ಕಿವಿಯ ಮೇಲೆ ಹಿಟ್ಟಿನ ಕಲೆ, ತಲೆ ಹಿಂದಕ್ಕೆ ವಾಲಿಸಿ, ಬಾಯಿ ತುಂಬ ನಗು. ಅವಳು ಬಹಳ ಹೊತ್ತು ನೋಡಿದಳು.

"ಹಿಂಗೆ ನಕ್ಕಿದ್ದು ನಾನು ನೋಡೇ ಇಲ್ಲ" ಎಂದಳು. "ಇದನ್ನ ತೆಗೆದಿದ್ದು ಯಾರು?"

"ಟೈಮರ್ ಇರುತ್ತಮ್ಮ. ಫೋನು ತಾನೇ ತೆಗೆಯುತ್ತೆ."

"ಫೋನನ್ನ ನೋಡಿ ಯಾರಾದ್ರೂ ಹಿಂಗೆ ನಗ್ತಾರಾ?"

ಅವನು ಬೆಸುಗೆ ಕಡ್ಡಿಯನ್ನು ಎತ್ತಿಕೊಂಡ. ಅವಳು ಫೋಟೋದ ಪ್ರತಿ ಹಾಕಿಸಿಕೊಂಡು ಹೋದಳು. ಚೌಕಟ್ಟು ಹಾಕಿಸಿ ಬೇಕರಿಯ ಗಲ್ಲಾದ ಮೇಲೆ ತೂಗುಹಾಕಿದಳೆಂದು ಆಮೇಲೆ ಹೂವಿನವಳು ಹೇಳಿದಳು. ಸ್ಕ್ರೂ ಬ್ರೆಡ್ ಕೊಳ್ಳಲು ಬೇರೆ ಬೀದಿಗೆ ಹೋಗತೊಡಗಿದ.

ಆರು ತಿಂಗಳಿಗೆ 'ಆಪ್ತ'ದ ಫಲಿತಾಂಶ ಸಭೆ. ಈ ಸಲ ಸ್ಕ್ರೂಗೆ ತಪ್ಪದೆ ಕರೆ ಬಂತು. ಸಮುದಾಯದವರೊಬ್ಬರು ಫೋಟೋದಲ್ಲಿ ಬೇಕಾಗಿತ್ತು. ಅವನು ಒಗೆದ ಅಂಗಿ ತೊಟ್ಟು ಮುಂಬಾಗಿಲಿನಿಂದಲೇ ಬಂದ. ಎಂಟುನೂರು ಜನ ಆಪ್ ಹಾಕಿಕೊಂಡಿದ್ದರು, ಅರವತ್ತನಾಲ್ಕೂ ಮುಗಿಸಿ ಕಿಟ್ಟು ಪಡೆದವರು ಮೂವತ್ತೊಂದು ಜನ. ಅವರಲ್ಲಿ ಮದುವೆಯಾದವರು ಒಬ್ಬರೂ ಇರಲಿಲ್ಲ. ಆದರೆ ಅಂಕಿಸಾಹೇಬರು ಎದೆಗುಂದುವ ಪೈಕಿಯಲ್ಲ. ಪರದೆಯ ಮೇಲೆ ಒಂದು ಕಿತ್ತಳೆ ಗೆರೆ ಮೂಡಿಸಿದರು.

"ಯಶಸ್ಸು ಅಂದ್ರೆ ಬರೀ ಕಿಟ್ ಅಲ್ಲ" ಎಂದರು. "ಜನ ಎಷ್ಟು ಸಲ ಮರಳಿ ಬರ್ತಾರೆ ಅನ್ನೋದು. ಇವರನ್ನ ನೋಡಿ. ವಯಸ್ಸು ಐವತ್ತೊಂದು, ವಿವಾಹಿತರು. ಎರಡೂವರೆ ತಿಂಗಳಲ್ಲಿ ಹತ್ತೊಂಬತ್ತು ಸಲ ಆಪ್ ತೆರೆದಿದ್ದಾರೆ. ಪ್ರತಿಸಲ ಒಂದರಿಂದ ಶುರು ಮಾಡಿ ನಲವತ್ತೊಂದರ ತನಕ ಬಂದಿದ್ದಾರೆ. ಕೊನೇ ಮೂರು ವಾರದಲ್ಲೇ ಒಂಬತ್ತು ಸಲ. ನಮ್ಮ ಅತ್ಯಂತ ನಿಷ್ಠಾವಂತ ಬಳಕೆದಾರರು ಇವರೇ."

ಕೊನೆಯ ಮೂರು ವಾರ. ಷಟರಿನಡಿ ಬಗ್ಗಬೇಡ ಎಂದದ್ದು ಆ ಮೂರು ವಾರ.

"ಆಮೇಲೆ ತಿಂಗಳು ಬಿಟ್ಟು ಒಂದು ದಿನ ಬಂದಿದ್ದು ಬಿಟ್ರೆ, ನಿಲ್ಲಿಸಿಬಿಟ್ರು" ಎಂದ ಡಿಸೈನರ್. "ಅಷ್ಟೊತ್ತಿಗೆ ಅವರ ಅಗತ್ಯ ಪೂರೈಸಿರಬೇಕು."

"ಪೂರೈಸಿತು" ಎಂದ ಸ್ಕ್ರೂ.

"ಇವರಿಗೆ ಗೊತ್ತಿರೋರು ಅಂತ ಕಾಣುತ್ತೆ" ಎಂದು ಡಾಕ್ಟರಮ್ಮ ಹುರುಪಿನಿಂದ ಮುಂದಕ್ಕೆ ಬಾಗಿದರು.

ಅಂಕಿಸಾಹೇಬರು ಪೆನ್ನಿನ ಕ್ಯಾಪು ತೆಗೆದು, ವರದಿಯ ಹಾಳೆಯಲ್ಲಿ ಜಾಗ ಮಾಡಿಕೊಂಡು, ಸ್ಕ್ರೂನ ಕಡೆ ತಿರುಗಿದರು. "ಹಾಗಾದ್ರೆ ನೀವೇ ಹೇಳಿ, ವರದಿಗೆ ಹಾಕ್ಕೊಳ್ತೀನಿ. ನಮ್ಮ ಆಪ್‌ನಲ್ಲಿ ಅಂಥದ್ದೇನಿತ್ತು? ಹತ್ತೊಂಬತ್ತು ಸಲ ಅವರು ಮತ್ತೆ ಮತ್ತೆ ಯಾಕೆ ಬಂದ್ರು?"

"ಸಾಯೋಕೆ ಇಷ್ಟ ಇರ್ಲಿಲ್ಲ ಸಾರ್" ಎಂದ ಸ್ಕ್ರೂ. "ಅದಕ್ಕೆ."